ಆಂಟೆನಾ ಟೀವಿ ಯಾವಾಗ ನಿಂತೋಯ್ತು, ಬದಲಿಗೆ ಏನು ಬಂತು

ಹೊಸ ಟೀವಿ ತಂದಿದೀವಿ, ಮನೆ ಮೇಲಿರೋ ಹಳೇ ಆಂಟೆನಾ ವೈರ್ ಚುಚ್ಚಿದ್ರೆ ಚಂದನ ಯಾಕೆ ಬರಲ್ಲ ಅಂತ ಕೇಳೋರು ಈಗಲೂ ಸಿಗ್ತಾರೆ. ಕಳಿಸೋ ಕಡೆಯೇ ಆಫ್ ಮಾಡಿದಾರೆ, ಅಷ್ಟೇ ಉತ್ತರ. ಆದ್ರೆ ಯಾವಾಗ ಆಫ್ ಆಯ್ತು, ಬದಲಿಗೆ ಏನು ಕೊಟ್ರು ಅಂತ ಹುಡುಕೋಕೆ ಕೂತ್ರೆ ತಲೆ ಕೆಡುತ್ತೆ, ಯಾಕಂದ್ರೆ ಕೇಬಲ್‌ನೋರ ಡಬ್ಬಾ (ಸೆಟ್ ಟಾಪ್ ಬಾಕ್ಸ್), ತಿಂಗಳು ತಿಂಗಳು ರೀಚಾರ್ಜ್ ಮಾಡೋ ಡಿಶ್, ಸರ್ಕಾರದ ಫ್ರೀ ಡಿಶ್, ಟವರಿಂದ ಬಿಡೋ ಡಿಜಿಟಲ್ ಸಿಗ್ನಲ್ಲು, ಈ ನಾಲ್ಕೂ ಜನರ ಬಾಯಲ್ಲಿ ಒಂದೇ ಆಗ್ಬಿಟ್ಟಿವೆ.

ಹಿಂದಿನದನ್ನ ಬೇಗ ಹೇಳಿ ಮುಗಿಸ್ತೀನಿ. 1959ರಲ್ಲಿ ದೆಹಲಿಯಲ್ಲಿ ಟೀವಿ ಪ್ರಯೋಗವಾಗಿ ಶುರು, 1982ರ ಏಷ್ಯನ್ ಗೇಮ್ಸ್ ಹೊತ್ತಿಗೆ ಕಲರ್, 1984ರಲ್ಲಿ ಕೆಲವು ತಿಂಗಳು ಹೆಚ್ಚುಕಮ್ಮಿ ದಿನಕ್ಕೊಂದು ಟ್ರಾನ್ಸ್‌ಮಿಟರ್ (ಟವರಿಂದ ಸಿಗ್ನಲ್ ಬಿಡೋ ಯಂತ್ರ), 1985ರಲ್ಲಿ ಟೀವಿ ಲೈಸೆನ್ಸ್ ಫೀಸು ರದ್ದು, ತೊಂಬತ್ತರ ದಶಕದಲ್ಲಿ ಕೇಬಲ್. ದೂರದರ್ಶನದ ಟ್ರಾನ್ಸ್‌ಮಿಟರುಗಳು ಜಾಸ್ತಿ ಇದ್ದ ಕಾಲದಲ್ಲಿ ದೇಶದಾದ್ಯಂತ 1400ಕ್ಕೂ ಮೇಲೆ ಇದ್ವು.

ನಮ್ಮ ರಾಜ್ಯದ ಕಥೆ ಮಾತ್ರ ಸ್ವಲ್ಪ ಬೇರೆ. ಟೀವಿ ಮೊದಲು ಬಂದಿದ್ದು ಬೆಂಗಳೂರಿಗಲ್ಲ. 1975ರ ಆಗಸ್ಟ್‌ನಿಂದ ಒಂದು ವರ್ಷ ಇಸ್ರೋ ಮತ್ತು ಅಮೆರಿಕದ ನಾಸಾ ಸೇರಿ ನಡೆಸಿದ ‘ಸೈಟ್’ ಅನ್ನೋ ಹೆಸರಿನ ಪ್ರಯೋಗದಲ್ಲಿ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಉಪಗ್ರಹದಿಂದ ನೇರವಾಗಿ ಟೀವಿ ಬಂತು, ಕರ್ನಾಟಕದ ಪಾಲಿಗೆ ಗುಲ್ಬರ್ಗ, ರಾಯಚೂರು, ಬಿಜಾಪುರದ ಕಡೆಯ ಹಳ್ಳಿಗಳು. ಕೋಳಿಗೂಡಿಗೆ ಹಾಕೋ ತಂತಿ ಬಲೆಯಲ್ಲಿ ಮಾಡಿದ ಹತ್ತಡಿ ಅಗಲದ ಡಿಶ್, ಊರಿಗೆಲ್ಲಾ ಸೇರಿ ಒಂದೇ ಟೀವಿ. ಆ ಪ್ರಯೋಗ ಮುಗಿದ ಮೇಲೆ 1977ರಲ್ಲಿ ಗುಲ್ಬರ್ಗಕ್ಕೆ ಟ್ರಾನ್ಸ್‌ಮಿಟರ್ ಬಂತು, ಬೆಂಗಳೂರಿಗೆ ಬಂದಿದ್ದು 1981ರಲ್ಲಿ. ಅಂದ್ರೆ ಆ ಹಳ್ಳಿಗಳ ಜನ ಮೊದಲು ಡಿಶ್ ನೋಡಿ ಆಮೇಲೆ ಆಂಟೆನಾ ನೋಡಿದೋರು, ಈಗ ತಿರುಗಿ ಡಿಶ್‌ಗೇ ಬಂದಿದಾರೆ.

ಡಿಜಿಟಲ್ ಗಲಾಟೆ ಜನಕ್ಕೆ ಬಿಸಿ ಮುಟ್ಟಿಸಿದ್ದು ಕೇಬಲ್ ಮೂಲಕ. 2011ರಲ್ಲಿ ಕೇಬಲ್ ಕಾಯ್ದೆಗೆ ತಿದ್ದುಪಡಿ ಆಯ್ತು, 2012ರಲ್ಲಿ ಮೊದಲು ಮೆಟ್ರೋ ನಗರಗಳು, 2013ರ ಮಾರ್ಚ್ ಗಡುವಿಗೆ ಬೆಂಗಳೂರು ಮೈಸೂರು, ಆಮೇಲೆ ಸಣ್ಣ ಊರು, ಕೊನೆಗೆ 2017ರ ಹೊತ್ತಿಗೆ ಹಳ್ಳಿ. ಡಬ್ಬಾ ಹಾಕ್ಸಿ ಇಲ್ಲಾಂದ್ರೆ ಟೀವಿ ಬಂದ್ ಅಂತ ಜಾಹೀರಾತು ಬಂದಿದ್ದೆಲ್ಲಾ ಇದಕ್ಕೇ. ಆಂಟೆನಾ ಇಟ್ಕೊಂಡೋರಿಗೂ ಇದಕ್ಕೂ ಸಂಬಂಧವೇ ಇರಲಿಲ್ಲ, ಆದ್ರೂ ಎಷ್ಟೋ ಜನ ಹೆದರಿ ಆಂಟೆನಾ ಇಳಿಸಿ ಗುಜರಿಗೆ ಹಾಕಿದ್ರು.

ಆಂಟೆನಾದೋರಿಗೆ ಸಂಬಂಧಪಟ್ಟ ಡಿಜಿಟಲ್ ಬಂದಿದ್ದು 2016ರ ಫೆಬ್ರವರಿಯಲ್ಲಿ, ಬೆಂಗಳೂರೂ ಸೇರಿ 16 ನಗರಗಳಲ್ಲಿ. ಇದರ ತಂತ್ರಜ್ಞಾನಕ್ಕೆ ಡಿವಿಬಿ-ಟಿ2 ಅಂತಾರೆ. ಅನಲಾಗ್‌ನಲ್ಲಿ, ಅಂದ್ರೆ ಮೊದಲಿಂದ ಆಂಟೆನಾಗೆ ಬರ್ತಿದ್ದ ಹಳೇ ಥರದ ಸಿಗ್ನಲ್ಲಲ್ಲಿ, ಒಂದು ಚಾನೆಲ್ ಹೋಗೋ ಜಾಗದಲ್ಲಿ ಇದು ನಾಲ್ಕೈದು ಚಾನೆಲ್ ಕಳಿಸುತ್ತೆ, ಚಿತ್ರ ಕ್ಲೀನ್. ಒಂದೇ ತೊಂದರೆ ಅಂದ್ರೆ ಅನಲಾಗ್‌ನಲ್ಲಿ ಸಿಗ್ನಲ್ ಕಮ್ಮಿ ಆದ್ರೆ ಚುಕ್ಕೆ ಚುಕ್ಕೆ ಬಂದು ನೆರಳು ನೆರಳಾಗಿ ಆದ್ರೂ ವಾರ್ತೆ ಕೇಳ್ತಿತ್ತು, ಡಿಜಿಟಲ್‌ನಲ್ಲಿ ಹಾಗಿಲ್ಲ, ಒಂದು ಮಟ್ಟಕ್ಕಿಂತ ಕೆಳಗೆ ಹೋದ್ರೆ ಚಿತ್ರ ಚೂರು ಚೂರಾಗಿ ನಿಂತುಬಿಡುತ್ತೆ, ಆಮೇಲೆ ಪರದೆ ಖಾಲಿ. ಊರಿನ ಅಂಚಲ್ಲಿ ಬೂಸ್ಟರ್ ಹಾಕ್ಕೊಂಡು ಹೇಗೋ ನೋಡ್ತಿದ್ದೋರಿಗೆ ಇದು ಸಣ್ಣ ವಿಷಯ ಅಲ್ಲ.

ಅದಕ್ಕಿಂತ ದೊಡ್ಡ ವಿಷಯ ಇನ್ನೊಂದಿದೆ. ಸಿಗ್ನಲ್ ಬಿಟ್ರು ಸರಿ, ಅದನ್ನ ಹಿಡಿಯೋ ಡಬ್ಬಾ ಎಲ್ಲಿ? ಸುದ್ದಿ ಬಂದಿದ್ದೆಲ್ಲಾ ಮೊಬೈಲಿಗೆ ಚುಚ್ಚೋ ಡಾಂಗಲ್ ಬಗ್ಗೆ, ಮನೆ ಟೀವಿ ಬಗ್ಗೆ ಮಾತೇ ಕಮ್ಮಿ. ಅಂಗಡೀಲಿ ಟಿ2 ಡಬ್ಬಾ ಕೇಳಿದ್ರೆ ಅಂಗಡಿಯೋರೇ ಮುಖ ಮುಖ ನೋಡ್ತಿದ್ರು. ಅಮೆರಿಕದಲ್ಲಿ 2009ರ ಜೂನ್ 12ಕ್ಕೆ ಅನಲಾಗ್ ನಿಲ್ಲಿಸೋ ಮುಂಚೆ ಡಬ್ಬಾ ಕೊಳ್ಳೋಕೆ ಮನೆಗೆ ಎರಡರಂತೆ ತಲಾ 40 ಡಾಲರ್ ಕೂಪನ್ ಕೊಟ್ರು, ಜನ ರೆಡಿ ಇಲ್ಲ ಅಂತ ಫೆಬ್ರವರಿಗೆ ಇಟ್ಟಿದ್ದ ದಿನಾಂಕವನ್ನೇ ಮುಂದಕ್ಕೆ ಹಾಕಿದ್ರು. ನಮ್ಮಲ್ಲಿ 2017ರ ಜನವರಿಯಲ್ಲಿ ಟೆಲಿಕಾಂ, ಪ್ರಸಾರದ ನಿಯಮ ನೋಡ್ಕೊಳ್ಳೋ ಟ್ರಾಯ್ ಶಿಫಾರಸು ಮಾಡ್ತು, ಖಾಸಗಿಯವರನ್ನೂ ಸೇರಿಸ್ಕೊಂಡು ಹಂತ ಹಂತವಾಗಿ ಡಿಜಿಟಲ್ ಟವರ್ ಹಾಕಿ, 2023ರ ಡಿಸೆಂಬರ್ ಹೊತ್ತಿಗೆ ಅನಲಾಗ್ ನಿಲ್ಲಿಸಿ ಅಂತ. ಆ ಶಿಫಾರಸಿನ ಮೊದಲರ್ಧ ಹಾಗೇ ಉಳೀತು, ಎರಡನೇ ಅರ್ಧ ಗಡುವಿಗಿಂತ ಮುಂಚೇನೇ ಆಗೋಯ್ತು.

2017-18ರಿಂದಲೇ ಟ್ರಾನ್ಸ್‌ಮಿಟರುಗಳು ನೂರುಗಟ್ಟಲೆ ಬಂದ್ ಆಗ್ತಾ ಬಂದ್ವು. 2021ರ ಅಕ್ಟೋಬರ್‌ನಲ್ಲಿ ದೂರದರ್ಶನ ನಡೆಸೋ ಪ್ರಸಾರ ಭಾರತಿ ಉಳಿದಿದ್ದಕ್ಕೂ ವೇಳಾಪಟ್ಟಿ ಕೊಡ್ತು, ಅಕ್ಟೋಬರ್ ಕೊನೆಗೆ 152, ಡಿಸೆಂಬರ್ ಕೊನೆಗೆ 109, 2022ರ ಮಾರ್ಚ್ ಕೊನೆಗೆ 151. ಗಡಿ ಪ್ರದೇಶ ಮತ್ತು ದ್ವೀಪಗಳಲ್ಲಿ ಸುಮಾರು ಐವತ್ತನ್ನ ಮಾತ್ರ ಉಳಿಸ್ಕೊಂಡ್ರು. ಹಳೇ ತಂತ್ರಜ್ಞಾನ, ನೋಡೋರು ಕಮ್ಮಿ, ಬಂದ್ ಮಾಡಿದ್ರಿಂದ 57 ಮೆಗಾಹರ್ಟ್ಸ್ ತರಂಗಾಂತರ ಖಾಲಿ ಆಗುತ್ತೆ, ವರ್ಷಕ್ಕೆ ಸುಮಾರು 100 ಕೋಟಿ ಉಳಿಯುತ್ತೆ ಅನ್ನೋದು ಕೊಟ್ಟ ಕಾರಣ. ಕಾರಣ ಸುಳ್ಳಲ್ಲ, ಖಾಲಿ ಬಸ್ಸು ಎಷ್ಟು ದಿನ ಓಡಿಸೋಕಾಗುತ್ತೆ. ಆದ್ರೆ ಎಷ್ಟು ಮನೆ ಇನ್ನೂ ಆಂಟೆನಾ ನಂಬ್ಕೊಂಡಿವೆ ಅಂತ ಊರೂರಲ್ಲಿ ಕೇಳಿ, ಅವರ ಕೈಗೆ ಏನಾದ್ರೂ ಕೊಟ್ಟು ಆಮೇಲೆ ಸ್ವಿಚ್ ಒತ್ತಬಹುದಿತ್ತು ಅನ್ಸುತ್ತೆ. ಅದೇ ಟೈಮಲ್ಲಿ ಕಲಬುರಗಿ ದೂರದರ್ಶನವೇ ಮುಚ್ಚುತ್ತಂತೆ ಅಂತ ಗುಲ್ಲೆದ್ದಿತ್ತು. ಇಲ್ಲ, ಕೇಂದ್ರ ಇರುತ್ತೆ, ಕಾರ್ಯಕ್ರಮ ತಯಾರಿಸುತ್ತೆ, ಅದು ಉಪಗ್ರಹ ಚಾನೆಲ್ ಮತ್ತು ಯೂಟ್ಯೂಬ್‌ನಲ್ಲಿ ಬರುತ್ತೆ ಅಂತ ಸ್ಪಷ್ಟನೆ ಬಂತು.

ಹಾಗಾಗಿ ಆಂಟೆನಾ ಮನೆಗಳಿಗೆ ಉಳಿದ ದಾರಿ ಫ್ರೀ ಡಿಶ್. 2004ರ ಡಿಸೆಂಬರ್‌ನಲ್ಲಿ ಡಿಡಿ ಡೈರೆಕ್ಟ್ ಪ್ಲಸ್ ಅನ್ನೋ ಹೆಸರಲ್ಲಿ 33 ಚಾನೆಲ್ ಇಟ್ಕೊಂಡು ಶುರುವಾಗಿದ್ದು, ಒಂದ್ಸಲ ಡಿಶ್ ಡಬ್ಬಾ ಕೊಂಡ್ರೆ ತಿಂಗಳ ಬಾಡಿಗೆ ಇಲ್ಲ. ಮಲೆನಾಡಿನ ಕಣಿವೆ ಮನೆಗಳಿಗೆ ಇದು ನಿಜವಾಗ್ಲೂ ಉಪಕಾರ ಆಯ್ತು, ಗುಡ್ಡ ಅಡ್ಡ ಇದ್ದು ಟವರ್ ಸಿಗ್ನಲ್ಲೇ ಕಾಣದ ಕಡೆ ಆಕಾಶದಿಂದ ನೇರ ಇಳಿದು ಬರುತ್ತೆ. ಡಿಶ್ ಆಗ್ನೇಯಕ್ಕೆ ಮುಖ ಮಾಡಿರಬೇಕು, ಆ ದಿಕ್ಕಲ್ಲಿ ಎತ್ತರದ ತೆಂಗು ಅಡಿಕೆ ಮರ ಇರಬಾರದು ಅಷ್ಟೇ. ಆದ್ರೆ ಆಷಾಢದ ಮಳೆ ಜೋರಾಗಿ ಹಿಡೀತು ಅಂದ್ರೆ ಸಿಗ್ನಲ್ ಹೋಯ್ತು. ಟವರ್ ಸಿಗ್ನಲ್ಲಿಗೆ ಮಳೆ ಅಷ್ಟಾಗಿ ತಟ್ಟಲ್ಲ, ನೆರೆ ಬಂದಾಗ ಎಲ್ಲಿ ರಸ್ತೆ ಬಂದ್, ಯಾವ ಡ್ಯಾಮ್ ಗೇಟ್ ತೆಗೆದ್ರು ಅಂತ ತಿಳಿಬೇಕಾಗಿರೋದೇ ಆ ಹೊತ್ತಲ್ಲಿ.

ಇನ್ನೊಂದು ಕೊರತೆ ಭಾಷೇದು. ಫ್ರೀ ಡಿಶ್‌ನಲ್ಲಿ ಖಾಸಗಿ ಚಾನೆಲ್ಲಿನ ಜಾಗ ಹರಾಜಾಗುತ್ತೆ, ನೋಡುಗರು ಹೆಚ್ಚಿರೋ ಹಿಂದಿ ಕಡೆಯ ಚಾನೆಲ್ಲುಗಳೇ ಜಾಸ್ತಿ ಹಣ ಕೂಗಿ ತಗೊಳ್ತವೆ. ಚಂದನ ಸಿಗುತ್ತೆ, ಅದರಾಚೆ ಹುಡುಕ್ತಾ ಹೋದ್ರೆ ಪುಟಗಟ್ಟಲೆ ಹಿಂದಿ. ಅದಕ್ಕೇ ನಮ್ಮ ಕಡೆ ಫ್ರೀ ಡಿಶ್ ಹಾಕಿಸ್ಕೊಂಡೋರೂ ಸೀರಿಯಲ್‌ಗೋಸ್ಕರ ರೀಚಾರ್ಜ್ ಡಿಶ್‌ಗೆ ಹೋಗ್ತಾರೆ, ಬಿಟ್ಟಿಯಾಗಿ ಬರ್ತಿದ್ದ ಟೀವಿಗೆ ತಿಂಗಳ ಖರ್ಚು ಹೀಗೆ ಅಂಟ್ಕೊಳ್ತು.

ಈಗ ಹೊಸ ಮಾತು ಡೈರೆಕ್ಟ್ ಟು ಮೊಬೈಲ್. ಸಿಮ್ಮೂ ಬೇಡ, ಇಂಟರ್ನೆಟ್ಟೂ ಬೇಡ, ಟವರಿಂದ ಟೀವಿ ನೇರ ಫೋನಿಗೆ. ಪ್ರಸಾರ ಭಾರತಿ, ಐಐಟಿ ಕಾನ್ಪುರ ಮತ್ತು ಬೆಂಗಳೂರಿನದ್ದೇ ಆದ ಸಾಂಖ್ಯ ಲ್ಯಾಬ್ಸ್ ಇದರ ಹಿಂದಿವೆ, 2023ರಲ್ಲಿ ಬೆಂಗಳೂರು, ದೆಹಲಿ, ನೋಯ್ಡಾದಲ್ಲಿ ಪ್ರಯೋಗ ಆಯ್ತು. ಟವರ್ ಟೀವಿ ಹಳೇದಾಯ್ತು ಅಂತ ಸಾವಿರಕ್ಕೂ ಮೇಲೆ ಟ್ರಾನ್ಸ್‌ಮಿಟರ್ ಇಳಿಸಿದ ಒಂದೆರಡು ವರ್ಷದೊಳಗೆ ಟವರ್ ಟೀವಿಯೇ ಮುಂದಿನ ತಂತ್ರಜ್ಞಾನ ಆಗಿ ಬಂದಿದೆ. ಆದ್ರೆ ಇದನ್ನ ಹಿಡಿಯೋಕೆ ಫೋನೊಳಗೆ ಬೇರೆ ಚಿಪ್ ಬೇಕು, ರೇಟು ಜಾಸ್ತಿ ಆಗುತ್ತೆ, ಬ್ಯಾಟರಿ ತಿನ್ನುತ್ತೆ ಅಂತ ದೊಡ್ಡ ಫೋನ್ ಕಂಪನಿಗಳು ಆಗಲೇ ತಕರಾರು ತೆಗೆದಿವೆ. 2016ರಲ್ಲಿ ಡಬ್ಬಾ ಇಲ್ದೆ ನಿಂತಿದ್ದ ಜಾಗಕ್ಕೇ ವಿಷಯ ತಿರುಗಿ ಬಂದಿದೆ, ಈ ಸಲ ಕೊರತೆ ಚಿಪ್ಪಿಂದು.