ಸನ್ಮಾನ ಒಬ್ಬರಿಗೆ, ದುಡ್ಡು ಇನ್ನೊಬ್ಬರಿಗೆ: ಗಾಲಾ ಊಟದ ಲೆಕ್ಕ

ಪ್ರಶ್ನೆ: ನಾನು ಅಮೆರಿಕದಲ್ಲಿರುವ ಕನ್ನಡಿಗ. ಬಿಳಿಯರಲ್ಲದ ಸಿನಿಮಾ ನಿರ್ದೇಶಕರು, ಕಲಾವಿದರನ್ನು ಸನ್ಮಾನಿಸುವ ಒಂದು ಗಾಲಾಗೆ (ದೇಣಿಗೆ ಕೂಡಿಸುವ ಅದ್ದೂರಿ ಔತಣಕೂಟ) ನಮ್ಮ ಕಂಪನಿ ಇಡೀ ಟೇಬಲ್ ಕಾದಿರಿಸಿದೆ, ನನಗೂ ಕರೆ ಬಂದಿದೆ. ಒಂದು ಸೀಟಿಗೆ ಸಾವಿರ ಡಾಲರ್ ಅಂತೆ! ಹೋಟೆಲು, ಹೂವು, ಬ್ಯಾಂಡು ಎಂದು ಖರ್ಚು ಮಾಡಿ ಮಿಕ್ಕಿದ್ದನ್ನು ಕಲಾವಿದರಿಗೆ ಕೊಡುವುದಕ್ಕಿಂತ ನೇರವಾಗಿ ಒಂದು ಚೆಕ್ ಬರೆದುಕೊಟ್ಟರೆ ಆಗುವುದಿಲ್ಲವೇ?

ಉತ್ತರ: ಒಂದು ತಪ್ಪು ತಿಳಿವಳಿಕೆಯನ್ನು ಮೊದಲೇ ಸರಿಪಡಿಸಿಬಿಡೋಣ. ಇಂಥ ಗಾಲಾದಲ್ಲಿ ಸನ್ಮಾನ ಆದವರಿಗೆ ಸಾಮಾನ್ಯವಾಗಿ ದುಡ್ಡು ಸಿಗುವುದಿಲ್ಲ. ಫಲಕ ಸಿಗುತ್ತದೆ, ಚಪ್ಪಾಳೆ ಸಿಗುತ್ತದೆ. ದುಡ್ಡು ಹೋಗುವುದು ಸಮಾರಂಭ ನಡೆಸುವ ಸಂಸ್ಥೆಗೆ. ಅದು ಚಿತ್ರೋತ್ಸವ ಇರಬಹುದು, ಮ್ಯೂಸಿಯಂ ಇರಬಹುದು, ಹುಡುಗರಿಗೆ ಕ್ಯಾಮೆರಾ ಹಿಡಿಯುವುದನ್ನು ಕಲಿಸುವ ಶಾಲೆ ಇರಬಹುದು. ಸನ್ಮಾನಿತರು ಅವತ್ತಿನ ಮಟ್ಟಿಗೆ ತಮ್ಮ ಹೆಸರನ್ನು ಸಂಸ್ಥೆಗೆ ಕೈಗಡ ಕೊಡುತ್ತಾರೆ ಅನ್ನಿ.

ಉತ್ತರ ಕನ್ನಡದ ಕಡೆ ಗಣೇಶೋತ್ಸವ ನೋಡಿದವರಿಗೆ ಇದು ಹೊಸದಲ್ಲ. ಗಣಪತಿಯ ಮೇಲೆ ಕಟ್ಟಿದ ಫಲಾವಳಿಯನ್ನು ಕೊನೆಯ ದಿನ ಸವಾಲಿಗೆ ಇಡುತ್ತಾರೆ. ಪೇಟೆಯಲ್ಲಿ ಇಪ್ಪತ್ತು ರೂಪಾಯಿಗೆ ಸಿಗುವ ಸೌತೆಕಾಯಿಗೆ ಸಾವಿರಗಟ್ಟಲೆ ಕೂಗುತ್ತಾರೆ. ಕೂಗಿದವನಿಗೂ ಗೊತ್ತು, ಕೇಳಿದವರಿಗೂ ಗೊತ್ತು, ಅದು ಸೌತೆಕಾಯಿಯ ಬೆಲೆ ಅಲ್ಲವೆಂದು. ಪೆಂಡಾಲಿನಲ್ಲಿ ಊರೆಲ್ಲ ನೋಡುತ್ತಿರುವಾಗ ಕೂಗಿದ್ದಕ್ಕೆ ಆ ಬೆಲೆ. ಗಾಲಾದಲ್ಲಿ ಊಟ ಮುಗಿಯುವ ಹೊತ್ತಿಗೆ ನಂಬರ್ ಬರೆದ ಹಲಗೆ ಎತ್ತಿಸಿ ದೇಣಿಗೆ ಕೂಗಿಸುತ್ತಾರಲ್ಲ, ಅದೂ ಇದೇ. ಸೂಟು ಹಾಕಿಕೊಂಡಿರುತ್ತಾರೆ, ಅಷ್ಟೇ ವ್ಯತ್ಯಾಸ.

ಹಾಗಾದರೆ ಟೇಬಲ್ ಯಾರು ಕೊಳ್ಳುತ್ತಾರೆ? ಸನ್ಮಾನಿತರ ಬಳಗ. ನಿರ್ದೇಶಕನಿಗೆ ಸನ್ಮಾನ ಎಂದರೆ ಅವನ ಸ್ಟುಡಿಯೋ ಒಂದು ಟೇಬಲ್, ಅವನಿಗೆ ಕೆಲಸ ಹುಡುಕಿಕೊಡುವ ಏಜೆನ್ಸಿ ಒಂದು, ಮುಂದಿನ ಚಿತ್ರದಲ್ಲಿ ಪಾತ್ರ ಸಿಗಲಿ ಎಂದಿರುವವರದ್ದು ಒಂದು. ನಮ್ಮೂರಲ್ಲಿ ಸನ್ಮಾನಿತರ ನೆಂಟರಿಷ್ಟರೇ ಸಭಾಂಗಣ ತುಂಬಿಸುವುದಿಲ್ಲವೇ, ಹಾಗೆ. ಆದ್ದರಿಂದ ಯಾರಿಗೆ ಪ್ರಶಸ್ತಿ ಕೊಡಬೇಕು ಎಂದು ಕೂತು ಯೋಚಿಸುವಾಗ ಸಮಿತಿಯ ತಲೆಯಲ್ಲಿ ಎರಡು ಲೆಕ್ಕ ಓಡುತ್ತಿರುತ್ತದೆ: ಇವರಿಗೆ ಅರ್ಹತೆ ಇದೆಯೇ, ಇವರ ಹೆಸರಿಗೆ ಎಷ್ಟು ಟೇಬಲ್ ಹೋಗುತ್ತದೆ? ಎರಡನೆಯದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

ಹಾಲಿವುಡ್ ಬಹುಕಾಲ ಬಾಗಿಲಾಚೆಯೇ ನಿಲ್ಲಿಸಿದ ಬಿಳಿಯರಲ್ಲದ ಕಲಾವಿದರ ವಿಷಯದಲ್ಲಿ ಈ ಎರಡನೇ ಲೆಕ್ಕ ತೊಡಕಾಗುತ್ತದೆ. ಕೆಲಸ ಎಷ್ಟೇ ದೊಡ್ಡದಿರಲಿ, ಅವರ ಹಿಂದೆ ಟೇಬಲ್ ಕೊಳ್ಳುವ ಬಳಗ ಇರುವುದಿಲ್ಲ. ಇದಕ್ಕೆ ನನಗೆ ತಕ್ಷಣ ನೆನಪಾಗುವುದು ನಿರ್ದೇಶಕ ಹೈಲೆ ಗೆರಿಮಾ.

ಗೆರಿಮಾ ಇಥಿಯೋಪಿಯಾದ ಗೊಂಡಾರ್‌ನಲ್ಲಿ 1946ರಲ್ಲಿ ಹುಟ್ಟಿದವರು. ಅಮೆರಿಕಕ್ಕೆ ಬಂದು ಲಾಸ್ ಏಂಜಲೀಸ್‌ನ ಯುಸಿಎಲ್‌ಎ ವಿಶ್ವವಿದ್ಯಾಲಯದಲ್ಲಿ ಸಿನಿಮಾ ಓದಿದರು. ಅಲ್ಲಿಂದ ಹೊರಟ ಕಪ್ಪು ನಿರ್ದೇಶಕರ ಆ ಗುಂಪನ್ನು ಈಗ 'ಎಲ್.ಎ. ರೆಬೆಲಿಯನ್' ಎಂದು ಕರೆಯುತ್ತಾರೆ. ಗುಲಾಮಗಿರಿಯ ಮೇಲೆ ಅವರು ಮಾಡಿದ 'ಸಾಂಕೋಫಾ' 1993ರಲ್ಲಿ ಬರ್ಲಿನ್ ಚಿತ್ರೋತ್ಸವದ ಸ್ಪರ್ಧೆಗೆ ಹೋಯಿತು. ಆದರೆ ಅಮೆರಿಕದಲ್ಲಿ ಬಿಡುಗಡೆ ಮಾಡಲು ಹಂಚಿಕೆದಾರರು ಮುಂದೆ ಬರಲಿಲ್ಲ. ಮನುಷ್ಯ ಸುಮ್ಮನೆ ಕೂರಲಿಲ್ಲ. ತಾವೇ ಥಿಯೇಟರ್ ಬಾಡಿಗೆಗೆ ಹಿಡಿದು, ಊರಿಂದೂರಿಗೆ ರೀಲು ಹೊತ್ತುಕೊಂಡು ಹೋಗಿ, ಕಪ್ಪು ಸಮುದಾಯದ ಸಂಘಗಳ ನೆರವಿನಿಂದ ತೋರಿಸಿದರು. ನಮ್ಮ ಹಳೆಯ ನಾಟಕ ಕಂಪನಿಗಳು ಕ್ಯಾಂಪ್ ಹಾಕುತ್ತಿದ್ದ ಹಾಗೆಯೇ. ವಾಷಿಂಗ್ಟನ್‌ನಲ್ಲಿ ಅವರು ದಶಕಗಟ್ಟಲೆ ಪಾಠ ಮಾಡಿದ ಹೋವರ್ಡ್ ವಿಶ್ವವಿದ್ಯಾಲಯದ ಎದುರಿಗೇ ಇರುವ ಅವರ ಪುಸ್ತಕದಂಗಡಿಗೂ ಸಾಂಕೋಫಾ ಎಂದೇ ಹೆಸರು.

2021ರ ಸೆಪ್ಟೆಂಬರ್ 25. ಆಸ್ಕರ್ ಕೊಡುವ ಅಕಾಡೆಮಿ ಲಾಸ್ ಏಂಜಲೀಸ್‌ನಲ್ಲಿ ಕಟ್ಟಿಸಿದ ಮ್ಯೂಸಿಯಂ ಬಾಗಿಲು ತೆರೆಯಲು ಇನ್ನು ಐದೇ ದಿನ. ಅವತ್ತಿನ ಗಾಲಾದಲ್ಲಿ ಗೆರಿಮಾ ಅವರಿಗೆ 'ವಾಂಟೇಜ್' ಪ್ರಶಸ್ತಿ ಕೊಟ್ಟರು. ಸಿನಿಮಾದ ಬಗ್ಗೆ ಚಾಲ್ತಿಯಲ್ಲಿರುವ ಕಥನವನ್ನು ಪ್ರಶ್ನಿಸಿದವರಿಗೆಂದೇ ಮಾಡಿದ ಪ್ರಶಸ್ತಿ ಅದು. ಅದೇ ವೇದಿಕೆಯಲ್ಲಿ ಸೋಫಿಯಾ ಲೊರೆನ್ ಅವರಿಗೂ ಸನ್ಮಾನ. ಜೊತೆಗೆ ಟಾಮ್ ಹ್ಯಾಂಕ್ಸ್, ಆನೆಟ್ ಬೆನಿಂಗ್, ಡಿಸ್ನಿಯ ಬಾಬ್ ಐಗರ್. ಈ ಮೂವರಿಗೆ ಸನ್ಮಾನ ಯಾಕೆ ಗೊತ್ತೇ? ಮ್ಯೂಸಿಯಂಗೆ ಹಣ ಕೂಡಿಸುವ ಅಭಿಯಾನದ ಮುಂದಾಳುಗಳಾಗಿದ್ದಕ್ಕೆ! ಒಂದೇ ರಾತ್ರಿ 1.1 ಕೋಟಿ ಡಾಲರ್‌ಗೂ ಹೆಚ್ಚು ಕೂಡಿತು.

ನನಗೆ ಈ ಪಟ್ಟಿಯೇ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರದ ಹಾಗೆ ಕಾಣುತ್ತದೆ. ತಾರೆಯರ ಹೆಸರಿಗೆ ಟೇಬಲ್ ಹೋಗುತ್ತದೆ. ಟೇಬಲ್ ಕೊಂಡವರು ಕೂತು, ತಮ್ಮ ಉದ್ಯಮ ಸೊಪ್ಪು ಹಾಕದಿದ್ದ ಮನುಷ್ಯನ ಮಾತನ್ನು ಕೇಳಬೇಕಾಗುತ್ತದೆ. 2015, 2016 ಎರಡೂ ವರ್ಷ ನಟನೆಯ ಆಸ್ಕರ್‌ಗೆ ನಾಮನಿರ್ದೇಶನಗೊಂಡ ಇಪ್ಪತ್ತಕ್ಕೆ ಇಪ್ಪತ್ತು ಹೆಸರುಗಳೂ ಬಿಳಿಯರದ್ದೇ ಆಗಿ ಛೀಮಾರಿ ಹಾಕಿಸಿಕೊಂಡಿದ್ದು ಇದೇ ಅಕಾಡೆಮಿ. ಹಾಗಾಗಿ ಇದರಲ್ಲಿ ಪ್ರಾಯಶ್ಚಿತ್ತವೂ ಸ್ವಲ್ಪ ಇತ್ತು, ಪ್ರಚಾರವೂ ಇತ್ತು. ಅದೇ ಸೆಪ್ಟೆಂಬರ್‌ನಲ್ಲಿ ಕಪ್ಪು ನಿರ್ದೇಶಕಿ ಆವಾ ಡುವೆರ್ನೆ ಅವರ ಸಂಸ್ಥೆಯ ಮೂಲಕ ಸಾಂಕೋಫಾ ನೆಟ್‌ಫ್ಲಿಕ್ಸ್‌ಗೂ ಬಂತು. ಮರುವರ್ಷ ಮ್ಯೂಸಿಯಂ 1898ರಿಂದ 1971ರವರೆಗಿನ ಕಪ್ಪು ಸಿನಿಮಾದ ಮೇಲೆ ದೊಡ್ಡ ಪ್ರದರ್ಶನ ಏರ್ಪಡಿಸಿತು.

ಆದರೆ ವಾಂಟೇಜ್ ಪ್ರಶಸ್ತಿಯ ಮುಂದಿನ ಹಾದಿಯನ್ನೂ ನೋಡಿ. 2022ರಲ್ಲಿ ಬ್ರಿಟನ್ನಿನ ನಿರ್ದೇಶಕ ಸ್ಟೀವ್ ಮೆಕ್ವೀನ್, 2023ರಲ್ಲಿ ನಟ ಮೈಕಲ್ ಬಿ. ಜೋರ್ಡನ್, 2024ರಲ್ಲಿ ಐರ್ಲೆಂಡಿನ ನಟ ಪಾಲ್ ಮೆಸ್ಕಲ್. ಎಲ್ಲರೂ ಒಳ್ಳೆಯ ಕಲಾವಿದರೇ, ತಕರಾರಿಲ್ಲ. ಆದರೆ ಥಿಯೇಟರ್ ಬಾಡಿಗೆ ಹಿಡಿದು ಸಿನಿಮಾ ತೋರಿಸಿದವರಿಂದ ಹೊರಟ ಪ್ರಶಸ್ತಿ ಮೂರೇ ವರ್ಷದಲ್ಲಿ ಬೇಡಿಕೆಯ ಯುವತಾರೆಗೆ ಬಂದು ನಿಂತಿತಲ್ಲ, ಅಲ್ಲಿ ನನಗೆ ಆ ಎರಡನೇ ಲೆಕ್ಕದ ವಾಸನೆ ಬಡಿಯುತ್ತದೆ.

ಇನ್ನು ನೇರ ಚೆಕ್ಕಿನ ವಿಷಯ. ನೀವು ಬರೆದರೆ ಸಂಸ್ಥೆಗೆ ಖಂಡಿತ ಖುಷಿಯೇ, ಖರ್ಚಿಲ್ಲದ ದುಡ್ಡು. ಆದರೆ ನಿಮ್ಮ ಕಂಪನಿ ಹಾಗೆ ಬರೆಯುತ್ತಿತ್ತೇ? ಟೇಬಲ್ಲಿನ ಹಣ ಎಷ್ಟೋ ಕಡೆ ದಾನದ ಖಾತೆಯಿಂದ ಬರುವುದಿಲ್ಲ, ಪ್ರಚಾರದ ಖಾತೆಯಿಂದ ಬರುತ್ತದೆ. ಕರೆಯೋಲೆಯಲ್ಲಿ ಲೋಗೊ, ನಾಲ್ಕು ಜನ ಗ್ರಾಹಕರನ್ನು ಕರೆದು ಕೂರಿಸಲು ಜಾಗ. ಗಾಲಾ ಇಲ್ಲದಿದ್ದರೆ ಆ ಹಣ ಕಲೆಯ ಕಡೆಗಲ್ಲ, ಯಾವುದೋ ಗಾಲ್ಫ್ ಪಂದ್ಯದ ಕಡೆಗೆ ಹೋಗುತ್ತಿತ್ತು. ಹೂವು, ಹೋಟೆಲಿನ ಖರ್ಚನ್ನು ವಾಚು ಕಂಪನಿಯೋ ಬಟ್ಟೆ ಕಂಪನಿಯೋ ಪ್ರಾಯೋಜಕರಾಗಿ ವಹಿಸಿಕೊಂಡರಂತೂ ಟಿಕೆಟ್ ದುಡ್ಡು ಹೆಚ್ಚುಕಡಿಮೆ ಪೂರ್ತಿ ಉಳಿಯುತ್ತದೆ. ಪ್ರಾಯೋಜಕರು ಸಿಗದ ಸಣ್ಣ ಸಂಸ್ಥೆಗಳ ಪಾಡು ಬೇರೆ. ಎಂಟು ತಿಂಗಳು ಇಬ್ಬರು ಸಿಬ್ಬಂದಿ ಇದಕ್ಕೇ ಒದ್ದಾಡಿ, ಕೊನೆಗೆ ಕೈಗೆ ಹತ್ತಿದ್ದು ಅಷ್ಟಕ್ಕಷ್ಟೇ ಆಗಬಹುದು.

ಕಂಪನಿ ಬಿಟ್ಟು ನೀವೇ ಸೀಟು ಕೊಂಡರೆ ತೆರಿಗೆಯ ಮಾತು ಬರುತ್ತದೆ. ಇಲ್ಲಿಯೂ ಸೌತೆಕಾಯಿ ಲೆಕ್ಕವೇ. ಟಿಕೆಟ್ 1,000 ಡಾಲರ್, ಊಟ ಮನರಂಜನೆಯ ನಿಜವಾದ ಬೆಲೆ 200 ಎಂದಿಟ್ಟುಕೊಳ್ಳಿ. ದಾನ ಎಂದು ಲೆಕ್ಕಕ್ಕೆ ಹಿಡಿಯಬಹುದಾದದ್ದು 800 ಮಾತ್ರ. ಹೀಗೆ ಏನಾದರೂ ಕೊಟ್ಟು 75 ಡಾಲರ್‌ಗಿಂತ ಹೆಚ್ಚು ಪಡೆಯುವ ಸಂಸ್ಥೆ ಆ 200 ಎಷ್ಟೆಂದು ಬರೆದು ತಿಳಿಸಲೇಬೇಕು, ಅದು ಕಾನೂನು. ರಸೀದಿಯಲ್ಲಿ ಆ ಸಾಲು ಇದೆಯೇ ನೋಡಿಕೊಳ್ಳಿ.

ಸಂಸ್ಥೆಗೆ ಎಷ್ಟು ಉಳಿಯಿತು ಎಂಬುದನ್ನೂ ನೀವೇ ಹುಡುಕಬಹುದು. ದೊಡ್ಡ ದತ್ತಿ ಸಂಸ್ಥೆಗಳು ವರ್ಷಕ್ಕೊಮ್ಮೆ ತೆರಿಗೆ ಇಲಾಖೆಗೆ ಸಲ್ಲಿಸುವ ಫಾರ್ಮ್ 990 ಯಾರು ಬೇಕಾದರೂ ನೋಡುವ ದಾಖಲೆ. ಅದರ ಶೆಡ್ಯೂಲ್ ಜಿ ಎಂಬ ಭಾಗದಲ್ಲಿ ಇಂಥ ಸಮಾರಂಭದಿಂದ ಎಷ್ಟು ಬಂತು, ಬಾಡಿಗೆ, ಊಟ, ಮನರಂಜನೆಗೆ ಎಷ್ಟು ಹೋಯಿತು ಎಂದು ಬೇರೆಬೇರೆಯಾಗಿ ಬರೆದಿರುತ್ತದೆ. ಮೂರು ವರ್ಷದ್ದನ್ನು ಪಕ್ಕಪಕ್ಕ ಇಟ್ಟು ನೋಡಿ. ಸಿಬ್ಬಂದಿಯ ಸಂಬಳ ಆ ಖರ್ಚಿನಲ್ಲಿ ಸೇರಿರುವುದಿಲ್ಲ ಎಂಬುದು ನೆನಪಿರಲಿ.

ಅಂದಹಾಗೆ, ಕರೆಯೋಲೆಯಲ್ಲಿ 'ಬ್ಲ್ಯಾಕ್ ಟೈ', ಅಂದರೆ ಕಪ್ಪು ಸೂಟು, ಬೋ ಟೈ ಹಾಕಿ ಬನ್ನಿ ಎಂದಿದೆ ಎಂದು ಗಾಬರಿ ಬೇಡ. ಬಿಳಿಯರಲ್ಲದವರ ಸನ್ಮಾನಕ್ಕೆ ಹೋಗುತ್ತಿದ್ದೀರಿ, ಆ ಮಾತಿನಲ್ಲಿ ಏಷ್ಯಾದವರೂ ಸೇರುತ್ತಾರೆ, ಅಂದರೆ ನೀವೂ ಆತಿಥೇಯರ ಕಡೆಯವರೇ. ಜರಿ ಪಂಚೆ, ರೇಷ್ಮೆ ಶಲ್ಯ ಇಸ್ತ್ರಿ ಮಾಡಿಸಿಡಿ.