ಟ್ರಂಪೆಟ್ ಕೊಳ್ಳುವ ಮುನ್ನ ಒಂದು ‘ಟಪ್’ ಸದ್ದು

ನನ್ನ ರಿಪೇರಿ ಮೇಜಿಗೆ ಬರುವ ಟ್ರಂಪೆಟ್‌ಗಳಲ್ಲಿ ಹೆಚ್ಚು ಸಂಕಟ ಕೊಡುವುದು ಹಳೆಯವಲ್ಲ, ಕೊಂಡು ಆರು ತಿಂಗಳೂ ತುಂಬದ ಹೊಸವು. ಮಖಮಲ್ಲಿನ ಪೆಟ್ಟಿಗೆ, ಬಿಳಿ ಕೈಗವಸು, ಕನ್ನಡಿಯಂಥ ಹೊಳಪು, ಎಲ್ಲವೂ ಇರುತ್ತದೆ. ಬೆರಳಿನಿಂದ ಒತ್ತುವ ಮೂರು ವಾಲ್ವ್‌ಗಳಲ್ಲಿ ಎರಡನೆಯದನ್ನು ಒತ್ತಿದರೆ ಮಾತ್ರ ಮೇಲೆ ಬರುವುದಿಲ್ಲ. ಮಗುವಿಗೆ ಸಂಗೀತ ಹತ್ತುತ್ತಿಲ್ಲ ಎಂದು ತಂದೆತಾಯಿ ಕೊರಗುತ್ತಾರೆ. ಹತ್ತದಿರುವುದು ವಾಲ್ವ್‌ನೊಳಗೆ ಏರಿಳಿಯುವ ಲೋಹದ ಉರುಳೆ, ಪಿಸ್ಟನ್.

ಟ್ರಂಪೆಟ್ ಎಂದರೆ ಸುಮಾರು ಒಂದೂವರೆ ಮೀಟರ್ ಹಿತ್ತಾಳೆ ಕೊಳವೆ. ಅದನ್ನು ಬಾಗಿಸಿ ಬೆಸೆದು ಹೊಳಪು ಕೊಡುವುದು ಅಗ್ಗದ ಕಾರ್ಖಾನೆಗೂ ಸಾಧ್ಯ. ಕಷ್ಟವಿರುವುದು ವಾಲ್ವ್‌ನಲ್ಲಿ. 1830ರ ದಶಕದ ಕೊನೆಗೆ ಪ್ಯಾರಿಸ್‌ನ ವಾದ್ಯ ತಯಾರಕ ಪೆರಿನೆ ರೂಪಿಸಿದ ಪಿಸ್ಟನ್ ವಾಲ್ವ್ ಮೂಲದಲ್ಲಿ ಇಂದಿಗೂ ಹಾಗೆಯೇ ಇದೆ. ಪ್ರತಿ ಪಿಸ್ಟನ್ನನ್ನೂ ಅದರದೇ ಕೋಶಕ್ಕೆ ಹೊಂದುವಂತೆ ತೇಯಬೇಕು. ನಡುವೆ ಎಣ್ಣೆಯ ಪದರಕ್ಕಷ್ಟೇ ಜಾಗ. ಬಿಗಿಯಾದರೆ ಸಿಕ್ಕಿಕೊಳ್ಳುತ್ತದೆ, ಸಡಿಲವಾದರೆ ಉಸಿರು ಸೋರುತ್ತದೆ. ಬೆಲೆ ಇಳಿಸಲು ಹೊರಟವರು ಮೊದಲು ಕೈಬಿಡುವುದು ಈ ಶ್ರಮವನ್ನೇ.

ಹಾಗಾಗಿ ಬೆಲ್‌ನ, ಅಂದರೆ ವಾದ್ಯದ ಅಗಲ ಬಾಯಿಯ, ಹೊಳಪಿಗೆ ಮರುಳಾಗುವ ಮೊದಲು ಒಂದು ಪರೀಕ್ಷೆ ಮಾಡಿ. ಯಾವ ವಾಲ್ವನ್ನೂ ಒತ್ತದೆ ಎರಡನೆಯ ವಾಲ್ವ್‌ನ ಸ್ಲೈಡನ್ನು, ಅಂದರೆ ಅದಕ್ಕೆ ಸೇರಿದ ಜಾರುವ ಬಾಗುಕೊಳವೆಯನ್ನು, ಸರಕ್ಕನೆ ಎಳೆಯಿರಿ. ‘ಟಪ್’ ಎಂದು ಸದ್ದಾದರೆ ಒಳಗೆ ಗಾಳಿ ಸೋರುತ್ತಿಲ್ಲ. ಉಸ್ ಎಂದರೆ ಸವೆದಿದೆ. ದಪ್ಪ ಎಣ್ಣೆ ಬಳಿದು ಸವೆದ ವಾಲ್ವ್‌ನಿಂದಲೂ ಟಪ್ ಎನ್ನಿಸುವ ಜಾಣರಿದ್ದಾರೆ. ಅನುಮಾನವಿದ್ದರೆ ಪಿಸ್ಟನ್ ಒರೆಸಿ, ತೆಳು ಎಣ್ಣೆ ಹಾಕಿಸಿ ಮತ್ತೆ ಎಳೆಯಿರಿ.

ಕೈಯಲ್ಲಿರುವ ಹಣ ಕಡಿಮೆ ಎಂದಾದರೆ, ಹೆಸರಿಲ್ಲದ ಹೊಸದಕ್ಕಿಂತ ಹೆಸರುಳ್ಳ ಹಳೆಯದೇ ಲೇಸು. ಯಮಾಹಾ 2335, ಬಾಕ್ ಟಿಆರ್300 ಮುಂತಾದ ವಿದ್ಯಾರ್ಥಿ ಮಾದರಿಗಳು ಸೆಕೆಂಡ್‌ಹ್ಯಾಂಡ್ ಆಗಿ ಸಿಗುತ್ತವೆ, ಕೆಟ್ಟರೆ ಸರಿಮಾಡಲೂ ಬರುತ್ತವೆ. ಒಂದೇ ಕಾರ್ಖಾನೆಯಿಂದ ಹತ್ತಾರು ಹೆಸರು ಕೊರೆಸಿಕೊಂಡು ಹೊರಬರುವ ವಾದ್ಯಗಳಿಗೆ ಬಿಡಿಭಾಗ ಹುಡುಕುವಷ್ಟರಲ್ಲಿ ಮೂಗಿಗಿಂತ ಮೂಗುತಿ ಭಾರವಾಗುತ್ತದೆ.

ಹಳೆಯದನ್ನು ನೋಡುವಾಗ ಬೆಲ್ ಮೇಲಿನ ನಗ್ಗಿಗೆ ಹೆದರಬೇಡಿ. ಅದು ಮುಖದ ಮೇಲಿನ ಕಲೆಯಂತೆ. ತುಟಿಗಿಟ್ಟು ಊದುವ ಮೌತ್‌ಪೀಸ್ ಸೇರುವ ಮೊದಲ ಕೊಳವೆಯನ್ನು ಮಾತ್ರ ಬೆಳಕಿಗೆ ಹಿಡಿದು ನೋಡಿ. ಅಲ್ಲಿ ನಸುಗೆಂಪು ಚುಕ್ಕೆಗಳಿದ್ದರೆ ಹಿತ್ತಾಳೆಯೊಳಗಿನ ಸತು ಕರಗಿ ಬರಿಯ ತಾಮ್ರ ಉಳಿಯುತ್ತಿದೆ ಎಂದರ್ಥ. ಈ ರೋಗ ಒಳಗಿನಿಂದ ಹೊರಕ್ಕೆ ಬರುವಂಥದ್ದು, ಹೊಳಪು ಕೊಟ್ಟರೆ ಹೋಗುವುದಿಲ್ಲ. ವಾಲ್ವ್‌ಗಳ ಮೂರು, ಇಡೀ ವಾದ್ಯದ ಶ್ರುತಿ ಹೊಂದಿಸುವ ಟ್ಯೂನಿಂಗ್ ಸ್ಲೈಡ್ ಒಂದು, ಹೀಗೆ ನಾಲ್ಕೂ ಸ್ಲೈಡ್‌ಗಳು ಜರುಗಬೇಕು. ಮೂರನೆಯ ವಾಲ್ವ್‌ನದಂತೂ ನುಡಿಸುತ್ತಲೇ ಬೆರಳಿನಿಂದ ಸರಿಯುವಷ್ಟು ಸಲೀಸಾಗಿರಬೇಕು; ಒಂದು ಮತ್ತು ಮೂರನೆಯ ವಾಲ್ವ್ ಒಟ್ಟಿಗೆ ಒತ್ತಿದಾಗ ಸ್ವರ ಸಹಜವಾಗಿಯೇ ಮೇಲಕ್ಕೇರುತ್ತದೆ, ಅದನ್ನು ಇಳಿಸುವ ದಾರಿ ಈ ಸ್ಲೈಡ್. ಟ್ಯೂನಿಂಗ್ ಸ್ಲೈಡನ್ನು ಪೂರ್ತಿ ಒಳಗೆ ತಳ್ಳಿ ನುಡಿಸಿದರೆ ಶ್ರುತಿ 440 ಹರ್ಟ್ಜ್ ಎಂಬ ರೂಢಿಯ ಮಟ್ಟಕ್ಕಿಂತ ಸ್ವಲ್ಪ ಮೇಲಿರಬೇಕು. ಆಗಲೂ ಕೆಳಗಿದ್ದರೆ ಆ ವಾದ್ಯವನ್ನು ಬಿಟ್ಟುಬಿಡಿ.

ಲ್ಯಾಕರ್ ಎಂಬ ಪಾರದರ್ಶಕ ಮೆರುಗೆಣ್ಣೆ ಒಳ್ಳೆಯದೋ ಬೆಳ್ಳಿ ಲೇಪನವೋ ಎಂಬ ಚರ್ಚೆ ಕಲಿಯುವವರಿಗೆ ಬೇಡ. ಕೊಳವೆಯ ಒಳವ್ಯಾಸ 11.65 ಮಿಲಿಮೀಟರ್ ಆಸುಪಾಸಿನಲ್ಲಿದ್ದರೆ ಸಾಕು. ಉಳಿದ ಹಣದಲ್ಲಿ ಬಾಕ್ 7ಸಿ ಅಥವಾ 5ಸಿ ಅಳತೆಯ ಒಳ್ಳೆಯ ಮೌತ್‌ಪೀಸ್ ಕೊಳ್ಳಿ.

ತಂದ ಮೇಲೆ ಎಣ್ಣೆ ಹಾಕುವುದಿದ್ದರೆ ಒಂದೊಂದೇ ಪಿಸ್ಟನ್ ಹೊರತೆಗೆಯಿರಿ. ಅವುಗಳ ಮೇಲೆ 1, 2, 3 ಎಂದು ಕೊರೆದಿರುತ್ತದೆ. ಮೊದಲ ವಾರದಲ್ಲೇ ‘ಉಸಿರೇ ದಾಟುತ್ತಿಲ್ಲ’ ಎಂದು ಗಾಬರಿಯಿಂದ ಬರುವವರ ವಾದ್ಯ ಬಿಚ್ಚಿದರೆ ಒಂದನೆಯದರ ಮನೆಯಲ್ಲಿ ಮೂರನೆಯದು ಕೂತಿರುತ್ತದೆ. ಅದಲುಬದಲು ಮಾಡಿ ಕೊಡಲು ಒಂದು ನಿಮಿಷ ಸಾಕು. ಕೂಲಿ ಕೇಳಲು ನನಗೇ ನಾಚಿಕೆ.