ಕುದುರೆ ಗಾಡಿಯ ವೇಗದಲ್ಲಿ ಕಂಡ ಕಾಯಿಲೆ

ಕುದುರೆ ಗಾಡಿಯನ್ನು ಮಿತಿಮೀರಿ ಓಡಿಸುವುದು. ಚರ್ಚು ಬೇಡವೆಂದ ಯಂತ್ರವನ್ನು ಕೊಂಡು ತರುವುದು. ಸಾರ್ವಜನಿಕ ಫೋನಿನ ಹತ್ತಿರ ಮತ್ತೆ ಮತ್ತೆ ಹೋಗಿ ಮಾತಾಡುತ್ತಲೇ ಇರುವುದು. ಕಾಲವಲ್ಲದ ಕಾಲದಲ್ಲಿ ಪ್ರವಾಸಕ್ಕೆ ಸಿದ್ಧತೆ ನಡೆಸುವುದು. ಹೊರಗಿನವರಿಗೆ ಇದರಲ್ಲಿ ಕಾಯಿಲೆ ಕಾಣಿಸದು. ಅಮೆರಿಕದ ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರ್ ಕೌಂಟಿಯಲ್ಲಿ, ಆಧುನಿಕ ಯಂತ್ರಗಳನ್ನು ದೂರವಿಟ್ಟು ಬಾಳುವ ಕ್ರೈಸ್ತ ಪಂಗಡವಾದ ಆಮಿಶ್ ಜನರ ನಡುವೆ ಮಾತ್ರ ಇವು ಉನ್ಮಾದದ, ಅಂದರೆ ಮನಸ್ಸು ಹತೋಟಿ ಮೀರಿ ಉದ್ರೇಕಗೊಳ್ಳುವ ಸ್ಥಿತಿಯ ಲಕ್ಷಣಗಳು.

1976ರಲ್ಲಿ ಜಾನಿಸ್ ಎಗೆಲ್ಯಾಂಡ್ ಎಂಬ ಸಂಶೋಧಕಿ ಅಲ್ಲಿ ಮನೋರೋಗಗಳ ಅಧ್ಯಯನ ಶುರುಮಾಡಿದರು. ತಮ್ಮೊಳಗೇ ಮದುವೆಯಾಗುವ, ವಂಶಾವಳಿಯನ್ನು ಜೋಪಾನವಾಗಿ ಬರೆದಿಟ್ಟುಕೊಂಡ ಜನ ಇವರು. ಕುಡಿತ, ಮಾದಕ ವಸ್ತುಗಳು ವಿರಳವಾದ್ದರಿಂದ ರೋಗಲಕ್ಷಣ ಅವುಗಳ ಹಿಂದೆ ಮರೆಯಾಗುತ್ತಿರಲಿಲ್ಲ. ಸುಮಾರು 12,500 ಜನರಲ್ಲಿ ಐದು ವರ್ಷಗಳಲ್ಲಿ ಸಿಕ್ಕ ಮನೋರೋಗಿಗಳು 112. ಸ್ಕಿಜೋಫ್ರೇನಿಯಾ (ಭ್ರಮೆಗಳು ಕಾಡುವ ಮನೋರೋಗ) ಎಂದು ಆಸ್ಪತ್ರೆಗಳು ಬರೆದಿದ್ದ ಹಲವರಿಗೆ ನಿಜವಾಗಿ ಇದ್ದದ್ದು ಬೈಪೋಲಾರ್ ಕಾಯಿಲೆ, ಅಂದರೆ ಉನ್ಮಾದ ಮತ್ತು ಖಿನ್ನತೆ ಬಂದುಹೋಗುತ್ತಿರುವ ಕಾಯಿಲೆ ಎಂಬುದು ದಾಖಲೆಗಳನ್ನು ಮತ್ತೆ ಪರಿಶೀಲಿಸಿದಾಗ ಗೊತ್ತಾಯಿತು. ಒಂದು ಸಮುದಾಯದ ಮಾಮೂಲಿ ಬದುಕು ಹೇಗಿರುತ್ತದೆಂದು ತಿಳಿಯದೆ ಅಲ್ಲಿನ ಕಾಯಿಲೆಯನ್ನು ಎಣಿಸಲು ಹೋಗಬಾರದು ಎಂದು ನಾನು ನಂಬುವುದು ಇದಕ್ಕಾಗಿಯೇ. ತಪ್ಪು ಹೆಸರು ಬಿದ್ದರೆ ಆ ರೋಗಿಗೆ ಸಿಗುವ ಔಷಧಿಯೂ ತಪ್ಪೀತು.

ಸರಳವಾಗಿ, ಒಗ್ಗಟ್ಟಾಗಿ ಬಾಳುವವರಿಗೆ ಮನಸ್ಸಿನ ಕಾಯಿಲೆ ಬರುವುದಿಲ್ಲ ಎಂಬ ನಂಬಿಕೆ ಹಳೆಯದು. 1950ರ ದಶಕದಲ್ಲಿ ಈಟನ್ ಮತ್ತು ವೈಲ್ ಎಂಬ ಸಂಶೋಧಕರು ಇದನ್ನು ಉತ್ತರ ಅಮೆರಿಕದ ಇನ್ನೊಂದು ಕ್ರೈಸ್ತ ಪಂಗಡವಾದ ಹಟರೈಟ್ ಜನರಲ್ಲಿ ಪರೀಕ್ಷಿಸಿದರು. ಆಸ್ತಿಯೆಲ್ಲ ಸಮುದಾಯದ್ದು, ಹುಟ್ಟಿನಿಂದ ಸಾವಿನವರೆಗೆ ಯಾರೂ ಒಂಟಿಯಲ್ಲ. ಆದರೂ 8,542 ಜನರಲ್ಲಿ ಸ್ಕಿಜೋಫ್ರೇನಿಯಾ 9 ಮಂದಿಗೆ, ಉನ್ಮಾದ-ಖಿನ್ನತೆಯ ಕಾಯಿಲೆ 39 ಮಂದಿಗೆ ಇತ್ತು. ಖಿನ್ನತೆಯನ್ನು ಅವರು ‘ಆನ್‌ಫೆಖ್ಟುಂಗ್’ ಎನ್ನುತ್ತಿದ್ದರು, ಅಂದರೆ ಸೈತಾನನ ಕಾಟ. ರೋಗಿ ಯಾರ ಮೇಲೂ ಸಿಟ್ಟಾಗದೆ ತಾನೇ ಪಾಪಿಯೆಂದು ಕೊರಗುತ್ತಿದ್ದ. ಉಳಿದವರು ಅವನನ್ನು ದೂರ ತಳ್ಳದೆ ಜೊತೆಗೆ ಕೂತು ಪ್ರಾರ್ಥಿಸುತ್ತಿದ್ದರು. ಕಾಯಿಲೆ ತಪ್ಪಲಿಲ್ಲ, ಆದರೆ ಆಸರೆ ಇತ್ತು.

ಉತ್ತರ ಸ್ವೀಡನ್ನಿನ ಏಕಾಂತ ಹಳ್ಳಿಗಳಲ್ಲಿ ಬುಕ್ ಎಂಬ ಸಂಶೋಧಕರು 1953ರಲ್ಲಿ ಪ್ರಕಟಿಸಿದ ಲೆಕ್ಕ ಇದಕ್ಕೆ ತದ್ವಿರುದ್ಧ. ಅಲ್ಲಿ ಸ್ಕಿಜೋಫ್ರೇನಿಯಾ ಹೆಚ್ಚು, ಉನ್ಮಾದ-ಖಿನ್ನತೆ ಇಲ್ಲವೆನ್ನುವಷ್ಟು ಕಡಿಮೆ. ಇಂಥ ಏಕಾಂತ ಊರುಗಳಲ್ಲಿ ಮೊದಲು ಬಂದು ನೆಲೆಸಿದ ಕೆಲವೇ ಕುಟುಂಬಗಳು ಯಾವ ವಂಶವಾಹಿಗಳನ್ನು ಹೊತ್ತು ತಂದಿದ್ದವೋ ಅವೇ ತಲೆಮಾರುಗಳಲ್ಲಿ ಹರಡುತ್ತವೆ. ಸಣ್ಣ ಸಂಖ್ಯೆಯ ತೊಡಕೂ ಇದೆ: ಸಾವಿರ ಜನರ ಊರಿನಲ್ಲಿ ನಾಲ್ವರು ರೋಗಿಗಳಿದ್ದು, ಒಂದೇ ಮನೆಯ ಇನ್ನಿಬ್ಬರು ಕಾಯಿಲೆ ಬಿದ್ದರೆ ಪ್ರಮಾಣ ಒಂದೂವರೆ ಪಟ್ಟು.

ಆಮಿಶ್ ಅಧ್ಯಯನಕ್ಕೂ ಇಂಥದೇ ಪೆಟ್ಟು ಬಿತ್ತು. ‘ಅದು ರಕ್ತದಲ್ಲೇ ಇದೆ’ ಎಂದು ಆ ಜನ ಮೊದಲಿನಿಂದಲೂ ಹೇಳುತ್ತಿದ್ದರು. 1987ರಲ್ಲಿ ಒಂದು ದೊಡ್ಡ ಕುಟುಂಬದ ರಕ್ತ ಪರೀಕ್ಷಿಸಿದ ವಿಜ್ಞಾನಿಗಳು, ಬೈಪೋಲಾರ್ ಕಾಯಿಲೆಯ ವಂಶವಾಹಿ 11ನೇ ವರ್ಣತಂತುವಿನಲ್ಲಿದೆ ಎಂದು ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು. 1989ರ ಹೊತ್ತಿಗೆ, ಆರೋಗ್ಯವಂತರೆಂದು ಬರೆದುಕೊಂಡಿದ್ದ ಇಬ್ಬರು ಅದೇ ಕುಟುಂಬದಲ್ಲಿ ಕಾಯಿಲೆ ಬಿದ್ದಿದ್ದರು. ಅವರನ್ನೂ ಸೇರಿಸಿ, ಹೊಸ ಸಂಬಂಧಿಕರನ್ನೂ ಪರೀಕ್ಷಿಸಿ ಮತ್ತೆ ಲೆಕ್ಕ ಹಾಕಿದಾಗ ಆ ಪುರಾವೆ ನಿಲ್ಲಲಿಲ್ಲ. ತಲಾ ಅಲ್ಪ ಪ್ರಭಾವದ ಅನೇಕ ವಂಶವಾಹಿಗಳು ಸೇರಿ ಈ ಕಾಯಿಲೆಗೆ ದಾರಿ ಮಾಡುತ್ತವೆ ಎಂಬುದು ಈಗಿನ ತಿಳಿವಳಿಕೆ.